ಕುಯ್ಲು ಮುಗಿಯುವ ಮೊದಲೇ ಮಾಯುವ ಗಾಯ

ನವೆಂಬರ್ ಬಂತೆಂದರೆ ಚಿಕ್ಕಮಗಳೂರು, ಮೂಡಿಗೆರೆ ಕಡೆಯ ತೋಟಗಳಲ್ಲಿ ಅರೇಬಿಕಾ ಕೆಂಪಾಗುತ್ತದೆ. ಅದು ಮುಗಿಯುತ್ತ ಬರುವಾಗ ರೋಬಸ್ಟಾ ಹಣ್ಣಾಗಿರುತ್ತದೆ. ನಡುವೆ ಕಾಳುಮೆಣಸು, ಅಡಿಕೆ. ಮಾರ್ಚಿನ ಹೂಮಳೆಯೊಳಗೆ ಗಿಡ ಬರಿದಾಗಬೇಕು, ಕಣದಲ್ಲಿ ಒಣಗಿದ್ದು ಚೀಲ ಸೇರಬೇಕು. ಈ ನಾಲ್ಕೈದು ತಿಂಗಳಿಗೆ ಊರಿನ ಆಳು ಸಾಲದೆ ಎಷ್ಟೋ ವರ್ಷವಾಯಿತು. ಮೊದಲು ಉತ್ತರ ಕರ್ನಾಟಕದವರು, ತಮಿಳುನಾಡಿನವರು ಬರುತ್ತಿದ್ದರು. ಈಗ ಅವರ ಜೊತೆಗೆ ಅಸ್ಸಾಂ, ಪಶ್ಚಿಮ ಬಂಗಾಳ, ಜಾರ್ಖಂಡ್, ಬಿಹಾರದವರೂ ಬರುತ್ತಾರೆ. ಉತ್ತರದ ಯಾವ ರಾಜ್ಯದಿಂದ ಬಂದರೂ ನಮ್ಮ ಕಡೆ ಎಲ್ಲರಿಗೂ ಒಂದೇ ಹೆಸರು, ಅಸ್ಸಾಮಿಗಳು.

ಗಂಡ, ಹೆಂಡತಿ, ಕಂಕುಳಲ್ಲೊಂದು ಕೂಸು, ಹೀಗೆ ಸಂಸಾರ ಸಮೇತ ಬರುವವರು ಬಹಳ ಮಂದಿ. ಅವರ ಜೊತೆಗೇ ಒಂಟಿಯಾಗಿ ಬರುವ ಗಂಡಸರೂ ಇದ್ದಾರೆ. ಮೀಸೆ ಈಗಷ್ಟೇ ಚಿಗುರುತ್ತಿರುವ ಹುಡುಗರು, ಮದುವೆಯಾಗಿ ವರ್ಷ ತುಂಬುವ ಮೊದಲೇ ಹೆಂಡತಿಯನ್ನು ಊರಲ್ಲಿ ಬಿಟ್ಟು ಬಂದವರು, ಮೂವತ್ತು ದಾಟಿ ಇಂಥ ಹತ್ತಾರು ಊರು ಕಂಡವರು. ತೋಟದ ಆಳುಗಳ ಸಾಲುಮನೆ, ಅಂದರೆ ಲೈನ್ ಮನೆಯ ಒಂದು ಕೋಣೆಗೆ ಐದಾರು ಮಂದಿ. ಹಗಲಿಡೀ ಸೊಂಟಕ್ಕೆ ಚೀಲ ಕಟ್ಟಿ ಕುಯ್ಯುವುದು, ಸಂಜೆ ತೂಕ ಹಾಕುವ ಜಾಗಕ್ಕೆ ಹೊತ್ತು ತರುವುದು. ತೋಟದ ರೈಟರ್ ಕೆ.ಜಿ. ಲೆಕ್ಕ ಬರೆದುಕೊಳ್ಳುತ್ತಾರೆ. ವಾರಕ್ಕೊಮ್ಮೆ ಬಟವಾಡೆ. ರಜೆಯ ದಿನ ಜೀಪು ಹತ್ತಿ ಪೇಟೆಗೆ ಬಂದು ಅಕ್ಕಿ, ಕೋಳಿ, ಮೊಬೈಲ್ ರೀಚಾರ್ಜು ಮುಗಿಸಿ, ಊರಿಗೆ ದುಡ್ಡು ಕಳಿಸಿ, ಕೆಲವರು ಒಂದು ಕ್ವಾರ್ಟರ್ ಕುಡಿದು ಹಿಂದಿರುಗುತ್ತಾರೆ. ಇನ್ನು ಕೆಲವರು, ಇವರ ಸಂಖ್ಯೆ ಜನ ಆಡಿಕೊಳ್ಳುವುದಕ್ಕಿಂತ ಬಹಳ ಕಡಿಮೆ, ಹೆಣ್ಣಿನ ಸಂಗ ಹುಡುಕಿ ಹೋಗುತ್ತಾರೆ. ಹಾಗೆ ಹೋದವನಿಗೆ ಆಮೇಲೆ ಏನಾಗುತ್ತದೆ ಎಂದು ಕೇಳುವವರು ನಮ್ಮಲ್ಲಿ ಯಾರೂ ಇಲ್ಲ. ಹೋದದ್ದಕ್ಕೆ ಬೈಯುವವರು ಮಾತ್ರ ಬೇಕಾದಷ್ಟಿದ್ದಾರೆ.

ಲೈಂಗಿಕ ರೋಗ ತಗಲುವುದಕ್ಕೆ ಒಂದು ರಾತ್ರಿ ಸಾಕು. ಅದು ಮೈಯಲ್ಲಿ ತಿಂಗಳುಗಟ್ಟಲೆ ಕೂತು, ಸಾವಿರಾರು ಕಿಲೋಮೀಟರ್ ರೈಲಿನಲ್ಲಿ ಪ್ರಯಾಣ ಮಾಡಿ, ಏನೂ ಅರಿಯದ ಇನ್ನೊಬ್ಬಳ ಮೈಗೆ ಇಳಿಯಬೇಕಾದರೆ ಆ ಒಂದು ರಾತ್ರಿಯ ತಪ್ಪು ಸಾಲದು. ಅದಕ್ಕೆ ಆಸ್ಪತ್ರೆಯ ವೇಳೆ, ತೋಟದ ವೇಳೆ, ಭಾಷೆ, ನಾಚಿಕೆ, ದೂರ ಎಲ್ಲವೂ ಕೈಜೋಡಿಸಬೇಕು. ನಮ್ಮ ಗುಡ್ಡಗಳಲ್ಲಿ ಅವೆಲ್ಲವೂ ಕೈಜೋಡಿಸಿವೆ.

ಸಿಫಿಲಿಸ್ ಎಂಬ ರೋಗವನ್ನೇ ತೆಗೆದುಕೊಳ್ಳೋಣ. ಅದರ ಲೆಕ್ಕಾಚಾರ ಕಾಫಿ ಕುಯ್ಲಿನ ಲೆಕ್ಕಾಚಾರಕ್ಕೆ ಹೇಳಿ ಮಾಡಿಸಿದಂತೆ ಕೂಡುತ್ತದೆ. ಡಿಸೆಂಬರ್ ಮೊದಲ ವಾರ ಒಬ್ಬನಿಗೆ ಸೋಂಕು ತಗಲಿತೆನ್ನಿ. ಹತ್ತು ದಿನದಿಂದ ಮೂರು ತಿಂಗಳೊಳಗೆ, ಸಾಮಾನ್ಯವಾಗಿ ಮೂರು ವಾರಕ್ಕೆ, ಮರ್ಮಾಂಗದ ಮೇಲೆ ಒಂದು ಹುಣ್ಣು ಏಳುತ್ತದೆ. ಅಂಚು ಗಟ್ಟಿ, ಒತ್ತಿದರೂ ನೋವಿಲ್ಲ. ನೋವಿಲ್ಲದ ಹುಣ್ಣಿಗೆ ಕೂಲಿ ಕಳೆದುಕೊಂಡು ಆಸ್ಪತ್ರೆಗೆ ಹೋಗುವ ಆಳು ಈ ಭೂಮಿಯ ಮೇಲೆ ಎಲ್ಲೂ ಇಲ್ಲ. ಅದು ಕುಯ್ಲು ಜೋರಾಗಿರುವ ಕಾಲ. ಎಷ್ಟು ಕೆ.ಜಿ.ಯೋ ಅಷ್ಟು ದುಡ್ಡು. ಕೊಬ್ಬರಿ ಎಣ್ಣೆ ಸವರಿ, ಅರಿಸಿನ ಹಚ್ಚಿ ಸುಮ್ಮನಾಗುತ್ತಾನೆ. ಮೂರರಿಂದ ಆರು ವಾರದಲ್ಲಿ ಹುಣ್ಣು ತಾನಾಗಿಯೇ ಮಾಯುತ್ತದೆ. ಅರಿಸಿನದಿಂದ ವಾಸಿಯಾಯಿತೆಂದು ಅವನ ನಂಬಿಕೆ. ಮುಂದೆ ಗೆಳೆಯನಿಗೆ ಇಂಥದೇ ಆದಾಗ ಅದೇ ಮದ್ದು ಹೇಳುತ್ತಾನೆ.

ರೋಗಾಣು ಅಷ್ಟರಲ್ಲಿ ರಕ್ತ ಸೇರಿರುತ್ತದೆ. ಫೆಬ್ರವರಿ, ಮಾರ್ಚಿನ ಹೊತ್ತಿಗೆ ಸಣ್ಣ ಜ್ವರ, ಮೈಕೈ ನೋವು, ಮೈಮೇಲೆ ತುರಿಕೆಯಿಲ್ಲದ ಮಚ್ಚೆಗಳು ಬರುತ್ತವೆ. ವೈದ್ಯರು ಈ ಹಂತವನ್ನು ಗುರುತಿಸುವುದು ಅಂಗೈ, ಅಂಗಾಲಿನ ಮೇಲಿನ ಮಚ್ಚೆಗಳಿಂದ. ಕಾಫಿ ಕುಯ್ಯುವವನ ಅಂಗೈಯನ್ನು ಒಮ್ಮೆ ಹಿಡಿದು ನೋಡಿ. ಹಣ್ಣಿನ ರಸ, ಮಣ್ಣು, ಗಿಡದ ಕೊಂಬೆ ಗೀರಿದ ಗಾಯ ಸೇರಿ ಗೆರೆಗೆರೆಯಲ್ಲೂ ಕಪ್ಪು ಕೂತಿರುತ್ತದೆ. ಸೋಪು ಹಾಕಿ ಉಜ್ಜಿದರೂ ಒಂದೆರಡು ವಾರ ಹೋಗದು. ಆ ಕಪ್ಪಿನಡಿ ಮಚ್ಚೆ ಯಾರಿಗೆ ಕಾಣಬೇಕು? ಜ್ವರಕ್ಕೆ ಪ್ಯಾರಾಸಿಟಮಾಲ್ ನುಂಗಿ ರೋಬಸ್ಟಾ ಮುಗಿಸುತ್ತಾನೆ. ಮಚ್ಚೆಯೂ ತಾನಾಗಿ ಅಳಿಯುತ್ತದೆ. ಲೆಕ್ಕ ಚುಕ್ತಾ ಮಾಡಿಸಿಕೊಂಡು, ಹೆಂಡತಿಗೊಂದು ಸೀರೆ, ಮಗುವಿಗೊಂದು ಆಟಿಕೆ ಕೊಂಡು ರೈಲು ಹತ್ತುವಾಗ ಅವನ ಮೈಯಲ್ಲಿ ಹೊರಗೆ ಕಾಣುವಂಥದ್ದು ಏನೂ ಉಳಿದಿರುವುದಿಲ್ಲ. ಊರಲ್ಲಿ ಹೆಂಡತಿ ಬಸುರಾಗುತ್ತಾಳೆ. ಬಸಿರಿನಲ್ಲಿ ಸಿಫಿಲಿಸ್ ಇದ್ದು ಚಿಕಿತ್ಸೆ ಸಿಗದಿದ್ದರೆ ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು, ರೋಗ ಹೊತ್ತೇ ಹುಟ್ಟಬಹುದು. ಆ ಸಾವಿನ ಕಾರಣವನ್ನು ಹುಡುಕುತ್ತ ಮೂಡಿಗೆರೆಯ ಲೈನ್ ಮನೆಯವರೆಗೆ ಯಾರೂ ಬರುವುದಿಲ್ಲ.

ಇಷ್ಟನ್ನೂ ತಪ್ಪಿಸಲು ಬೇಕಾದ ಮದ್ದು ಬೆಂಜಥೈನ್ ಪೆನ್ಸಿಲಿನ್, 24 ಲಕ್ಷ ಯೂನಿಟ್. ರೋಗದ ಮೊದಲ ಹಂತಗಳಲ್ಲಿ ಒಂದೇ ಸಲದ ಚುಚ್ಚುಮದ್ದು. ಎಂಬತ್ತು ವರ್ಷದಿಂದ ಪೆನ್ಸಿಲಿನ್‌ಗೆ ಸೋಲುತ್ತಲೇ ಬಂದಿರುವ ರೋಗ ಇದು. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ಕಾಸು ಕೊಡಬೇಕಾಗಿಲ್ಲ.

ನೋವು ಕೊಡುವ ರೋಗಗಳ ಕಥೆ ಬೇರೆ. ಗೊನೊರಿಯಾ ಎರಡರಿಂದ ಏಳು ದಿನಕ್ಕೇ ಕಾಣಿಸಿಕೊಳ್ಳುತ್ತದೆ. ಮೂತ್ರ ಮಾಡುವಾಗ ಬೆಂಕಿ ಹೊಯ್ದಂತೆ ಉರಿ, ಬಟ್ಟೆಗೆ ಕೀವು. ಹೀಗಾದವನು ಸುಮ್ಮನಿರಲಾರ, ಆದರೆ ಆಸ್ಪತ್ರೆಗೂ ಹೋಗಲಾರ. ಅವನು ಹೋಗುವುದು ಮೆಡಿಕಲ್ ಶಾಪಿಗೆ. ಸಂಜೆ ಗಿರಾಕಿ ತೆಳುವಾಗುವವರೆಗೆ ಎದುರು ಕಟ್ಟೆಯ ಮೇಲೆ ಕೂತಿದ್ದು, ಹೆಂಗಸರು ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಒಳಗೆ ಬರುತ್ತಾನೆ. ‘ಭಯ್ಯಾ, ಗರ್ಮಿ ಹೋಗಯಾ, ಪೇಶಾಬ್ ಮೇ ಜಲನ್’ ಅನ್ನುತ್ತಾನೆ. ನಮ್ಮ ಊರಿನ ಹುಡುಗನಾದರೆ ‘ಅಣ್ಣ, ಉಷ್ಣ ಆಗಿದೆ’ ಅನ್ನುತ್ತಾನೆ. ಅಂಗಡಿಯವನಿಗೆ ಅರ್ಥವಾಗಿರುತ್ತದೆ, ಅವನಿಗೂ ಮುಜುಗರ. ಹೆಚ್ಚು ಕೇಳದೆ ಎರಡು ದಿನದ ಮಾತ್ರೆ ಕತ್ತರಿಸಿ ಕಾಗದದಲ್ಲಿ ಸುತ್ತಿ ಕೊಡುತ್ತಾನೆ, ಎಳನೀರು ಕುಡಿಯಲು ಹೇಳುತ್ತಾನೆ. ಉರಿ ಒಂದಿಷ್ಟು ತಗ್ಗುತ್ತದೆ. ಅರೆಬರೆ ಮದ್ದಿಗೆ ಸಾಯದೆ ಉಳಿದ ರೋಗಾಣು ಇನ್ನಷ್ಟು ಗಟ್ಟಿಯಾಗುತ್ತದೆ. ಗೊನೊರಿಯಾಕ್ಕೆ ಒಂದು ಕಾಲದಲ್ಲಿ ರಾಮಬಾಣವಾಗಿದ್ದ ಸಿಪ್ರೊಫ್ಲಾಕ್ಸಸಿನ್ ಇವತ್ತು ಹೆಚ್ಚೂಕಡಿಮೆ ಕೆಲಸಕ್ಕೆ ಬಾರದಂತಾಗಿರುವುದಕ್ಕೆ ಜಗತ್ತಿನಾದ್ಯಂತ ನಡೆದ ಇಂಥ ಕೌಂಟರ್ ವ್ಯವಹಾರಗಳೂ ಒಂದು ಕಾರಣ.

ಮೆಡಿಕಲ್ ಶಾಪಿನವರನ್ನು ದೂರಿ ಪ್ರಯೋಜನವಿಲ್ಲ. ಅವರು ಕೊಟ್ಟದ್ದು ಪೂರ್ತಿ ಮದ್ದಲ್ಲದಿದ್ದರೂ ಮದ್ದು. ಬಸ್‌ಸ್ಟ್ಯಾಂಡಿನ ಹಿಂಗೋಡೆ, ಮೂತ್ರಿಖಾನೆ, ರೈಲ್ವೆ ಹಳಿಯ ಪಕ್ಕದ ಕಾಂಪೌಂಡುಗಳ ಮೇಲೆ ‘ಗುಪ್ತರೋಗ’ಗಳಿಗೆ ಗ್ಯಾರಂಟಿ ಚಿಕಿತ್ಸೆಯೆಂದು ಬರೆಸಿಕೊಳ್ಳುವವರು ಕೊಡುವುದು ಅದೂ ಅಲ್ಲ. ಇವರ ಕೈಗೆ ಸಿಕ್ಕವನಿಗೆ ಮೊದಲು ಭಯ ಹುಟ್ಟಿಸುತ್ತಾರೆ: ಧಾತು ಹೋಗುತ್ತಿದೆ, ಶಕ್ತಿ ಹೋಯಿತು, ಮಕ್ಕಳಾಗುವುದಿಲ್ಲ. ಆಮೇಲೆ ಒಂದು ತಿಂಗಳ ದುಡಿಮೆಯನ್ನು ಪುಡಿಯ ಪೊಟ್ಟಣಕ್ಕೆ ಸುರಿಸಿಕೊಳ್ಳುತ್ತಾರೆ. ಲೈಂಗಿಕ ರೋಗ, ಲೈಂಗಿಕ ಶಕ್ತಿಯ ಹೆಸರಿನಲ್ಲಿ ಇಂಥ ಜಾಹೀರಾತು ಕೊಡುವುದನ್ನು 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಕಾಯ್ದೆ ನಿಷೇಧಿಸಿದೆ. ಎಪ್ಪತ್ತು ವರ್ಷ ದಾಟಿದ ಈ ಕಾನೂನು ಇರುವಾಗಲೇ ಗೋಡೆಗಳು ಹಾಗೇ ಇವೆ. ಹರೆಯದ ಹುಡುಗನಿಗೆ ತನ್ನ ಮೈಯ ಬಗ್ಗೆ ಬಾಯಿಬಿಟ್ಟು ಮಾತಾಡುವುದು ಈ ಗೋಡೆ ಮಾತ್ರ ಎಂಬುದು ನನಗೆ ಬಹಳ ಸಂಕಟದ ಸಂಗತಿ. ಮನೆ ಮಾತಾಡಲಿಲ್ಲ, ಶಾಲೆ ಆ ಪಾಠ ಬಂದಾಗ ಪುಟ ತಿರುಗಿಸಿತು, ಆಸ್ಪತ್ರೆ ಅವನ ರಜೆಯ ದಿನ ಮುಚ್ಚಿತ್ತು.

ಈ ಗುಡ್ಡಗಳಿಗೆ ಕೂಲಿಯಾಳು ಹೊರಗಿನಿಂದ ಬರುವುದು ಹೊಸದೇನಲ್ಲ. ಹತ್ತೊಂಬತ್ತನೆಯ ಶತಮಾನದಲ್ಲಿ ಬಿಳಿಯ ಪ್ಲಾಂಟರುಗಳು ಕಾಡು ಕಡಿದು ತೋಟ ಮಾಡಿದಾಗಲೂ ಘಟ್ಟದ ಕೆಳಗಿನಿಂದ, ಬಯಲುಸೀಮೆಯಿಂದ, ತಮಿಳು ನಾಡಿನಿಂದ ಆಳು ತಂದರು. ತರುತ್ತಿದ್ದವರು ಸೇರಿಗಾರರು, ಮೇಸ್ತ್ರಿಗಳು. ಮುಂಗಡ ಕೊಟ್ಟು ಆಳು ಹಿಡಿಯುವುದು, ಓಡಿಹೋದರೆ 1859ರ ಕರಾರು ಉಲ್ಲಂಘನೆ ಕಾಯ್ದೆಯಡಿ ಹಿಡಿದು ತರುವುದು ನಡೆಯಿತು. ಆಗ ಲೈನುಗಳನ್ನು ಖಾಲಿ ಮಾಡಿಸುತ್ತಿದ್ದ ರೋಗ ಮಲೇರಿಯಾ. ಮಲೆನಾಡಿನ ಚಳಿಜ್ವರವೆಂದರೆ ಬಯಲಿನ ಜನ ಹೆಣ್ಣು ಕೊಡಲೂ ಹಿಂಜರಿಯುತ್ತಿದ್ದ ಕಾಲ. 1920ರ ದಶಕದ ಕೊನೆಯಲ್ಲಿ ಮೈಸೂರು ಸಂಸ್ಥಾನ ರಾಕ್‌ಫೆಲ್ಲರ್ ಪ್ರತಿಷ್ಠಾನದ ನೆರವಿನಿಂದ ಮಲೇರಿಯಾ ಅಧ್ಯಯನ ಕೇಂದ್ರಗಳನ್ನು ತೆರೆದಾಗ ಮಲೆನಾಡಿನ ಮಟ್ಟಿಗೆ ಆರಿಸಿಕೊಂಡ ಊರು ಮೂಡಿಗೆರೆ. 1953ರಲ್ಲಿ ರಾಷ್ಟ್ರೀಯ ಮಲೇರಿಯಾ ನಿಯಂತ್ರಣ ಕಾರ್ಯಕ್ರಮ ಶುರುವಾದ ಮೇಲೆ ಡಿಡಿಟಿ ಹೊಡೆಯುವವರು ಮನೆ ಮನೆ ತಿರುಗಿದರು. ರೋಗಿ ಆಸ್ಪತ್ರೆಗೆ ಬರಲಿ ಎಂದು ಕಾಯಲಿಲ್ಲ. ಯಾವ ಊರಿನವನು, ಗುಣ ಎಂಥದು, ರಾತ್ರಿ ಎಲ್ಲಿದ್ದೆ ಎಂದು ಕೇಳಲಿಲ್ಲ. ಮಲೆನಾಡು ವಾಸಯೋಗ್ಯವಾದದ್ದು ಹಾಗೆ. ಅದೇ ಲೈನಿನ ಅದೇ ಆಳಿಗೆ ಇನ್ನೊಂದು ಬಗೆಯ ರೋಗ ಬಂದಾಗ ನಾವು ಮೊದಲು ಕೇಳುವುದೇ ಆ ಪ್ರಶ್ನೆಗಳನ್ನು.

‘ಹೊರಗಿನವರು ಬಂದು ರೋಗ ತಂದರು’ ಎಂಬ ಮಾತು ಹೋಟೆಲು ಬೆಂಚುಗಳ ಮೇಲೆ, ಕೆಲವೊಮ್ಮೆ ಸಭೆಗಳಲ್ಲೂ ಸಲೀಸಾಗಿ ಓಡಾಡುತ್ತದೆ. ಎಚ್‌ಐವಿ ವಿಷಯದಲ್ಲಿ ಲೆಕ್ಕ ನೋಡೋಣ. ರಾಷ್ಟ್ರೀಯ ಏಡ್ಸ್ ನಿಯಂತ್ರಣ ಸಂಸ್ಥೆ, ಅಂದರೆ ನ್ಯಾಕೊ, 2017ರಲ್ಲಿ ನಡೆಸಿದ ಕಣ್ಗಾವಲು ಸಮೀಕ್ಷೆಯಲ್ಲಿ ಒಂಟಿ ವಲಸೆ ಗಂಡಸರ ಪೈಕಿ ಸೋಂಕಿದ್ದವರು ನೂರಕ್ಕೆ 0.51. ದೂರದ ಲಾರಿ ಚಾಲಕರಲ್ಲಿ 0.86. ಗರ್ಭಿಣಿಯರಲ್ಲಿ 0.28. ವಲಸಿಗರಲ್ಲಿ ಹೆಚ್ಚು ಎಂಬುದು ನಿಜ, ಅದಕ್ಕೇ ಅವರಿಗೆಂದು ಪ್ರತ್ಯೇಕ ಕಾರ್ಯಕ್ರಮ ಬೇಕು. ಆದರೆ ಸಾವಿರ ಮಂದಿ ಬಂದರೆ ಅವರಲ್ಲಿ ಸುಮಾರು 995 ಮಂದಿಗೆ ಸೋಂಕಿಲ್ಲ ಎಂಬುದೂ ಅದೇ ಅಂಕಿಯಲ್ಲಿದೆ. ಇನ್ನೊಂದನ್ನು ಮರೆಯಬಾರದು. ಎಚ್‌ಐವಿ ಹೆಚ್ಚಿದ್ದ ದೇಶದ ಆರು ರಾಜ್ಯಗಳೆಂದು ಒಂದು ಕಾಲದಲ್ಲಿ ಗುರುತಿಸಿದ್ದರಲ್ಲಿ ಕರ್ನಾಟಕ ಇತ್ತು. ಅಸ್ಸಾಂ, ಬಿಹಾರ, ಜಾರ್ಖಂಡ್ ಇರಲಿಲ್ಲ. ಕಡಿಮೆ ಸೋಂಕಿನ ಊರಿನಿಂದ ಹೆಚ್ಚು ಸೋಂಕಿನ ರಾಜ್ಯಕ್ಕೆ ದುಡಿಯಲು ಬಂದ ಹುಡುಗ ರೋಗ ತಂದನೋ, ಇಲ್ಲಿಂದ ಕೊಂಡೊಯ್ದನೋ?

ಕೊಂಡೊಯ್ದು ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲೇ ಉದಾಹರಣೆಯಿದೆ. ಬಾಗಲಕೋಟೆ ಜಿಲ್ಲೆಯಲ್ಲಿ 2003ರ ಸುಮಾರಿಗೆ ಸಾಮಾನ್ಯ ಜನರ ನಡುವೆ ನಡೆದ ಸಮೀಕ್ಷೆಯೊಂದರಲ್ಲಿ ನೂರಕ್ಕೆ ಹತ್ತಿರ ಹತ್ತಿರ ಮೂವರಲ್ಲಿ ಎಚ್‌ಐವಿ ಕಂಡುಬಂತು, ಅದೂ ಹಳ್ಳಿಗಳಲ್ಲಿ ಪೇಟೆಗಿಂತ ಹೆಚ್ಚಾಗಿ. ಅಲ್ಲಿಂದ ಮಹಾರಾಷ್ಟ್ರಕ್ಕೆ, ಗೋವಾಕ್ಕೆ ದುಡಿಯಲು ಹೋಗುವ ಹಾದಿ ಬಹಳ ಹಳೆಯದು. ಏಡ್ಸ್ ಎಂದರೆ ಮಹಾನಗರದ ರೋಗ ಎಂದುಕೊಂಡಿದ್ದವರಿಗೆ ಜೋಳದ ಹೊಲದ ನಡುವಿನ ಊರುಗಳು ತಿರುಗಿ ಉತ್ತರ ಕೊಟ್ಟವು. ಆಮೇಲೆ ಆ ಜಿಲ್ಲೆಗಳಲ್ಲಿ ಸೋಂಕು ಇಳಿಯಿತು. ಇಳಿಸಿದ್ದು ಬೈಗುಳವಲ್ಲ. 2003ರ ನಂತರ ಗೇಟ್ಸ್ ಪ್ರತಿಷ್ಠಾನದ ‘ಆವಾಹನ್’ ಯೋಜನೆ, ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್, ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ ಮತ್ತು ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳೇ ಕಟ್ಟಿದ ಸಂಘಗಳು ಕಾಂಡೋಮ್, ತಪಾಸಣೆ, ಚಿಕಿತ್ಸೆಯನ್ನು ಬೇಕಾದವರ ಬಳಿಗೇ ಒಯ್ದವು. 2004ರ ಏಪ್ರಿಲ್ 1ರಿಂದ ದೇಶದಲ್ಲಿ ಎಚ್‌ಐವಿಯನ್ನು ಹತ್ತಿಕ್ಕುವ ಎಆರ್‌ಟಿ ಔಷಧ ಉಚಿತವಾಯಿತು.

ಹಾಗಾದರೆ ನಮ್ಮ ಜಿಲ್ಲೆಯಲ್ಲಿ ಏನಿದೆ? ಇರಬೇಕಾದದ್ದು ಬಹುಪಾಲು ಇದೆ. ಚಿಕ್ಕಮಗಳೂರಿನ ಮಲ್ಲೇಗೌಡ ಜಿಲ್ಲಾ ಆಸ್ಪತ್ರೆ ಇದೆ, ಮೂಡಿಗೆರೆಯಲ್ಲಿ ಎಂಜಿಎಂ ಆಸ್ಪತ್ರೆ ಇದೆ. ಐಸಿಟಿಸಿ ಎನ್ನುವ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ. ಕೂರಿಸಿಕೊಂಡು ಮಾತಾಡಿಸುವ ಆಪ್ತ ಸಮಾಲೋಚಕರಿರುತ್ತಾರೆ, ಹೆಸರು ಹೊರಗೆ ಹೋಗುವುದಿಲ್ಲ. ಲೈಂಗಿಕ ರೋಗಗಳಿಗೆ ಸರ್ಕಾರಿ ಆಸ್ಪತ್ರೆಗಳಲ್ಲಿ ‘ಸುರಕ್ಷಾ ಕ್ಲಿನಿಕ್’ ಎಂಬ ವ್ಯವಸ್ಥೆ ಇದೆ. ಅಲ್ಲಿನ ಔಷಧದ ಕಿಟ್‌ಗಳಿಗೆ ಬಣ್ಣಗಳಿವೆ. ಕೀವು ಬಂದು ಉರಿಯುವವನಿಗೆ ಬೂದು ಬಣ್ಣದ ಪೆಟ್ಟಿಗೆ, ಅದರಲ್ಲಿ ಅಜಿತ್ರೊಮೈಸಿನ್ ಒಂದು ಗ್ರಾಂ, ಸೆಫಿಕ್ಸಿಮ್ 400 ಮಿಲಿಗ್ರಾಂ, ಒಂದೇ ಸಲಕ್ಕೆ ಮುಗಿಯಿತು. ನೋವಿಲ್ಲದ ಹುಣ್ಣಿಗೆ ಬಿಳಿ ಪೆಟ್ಟಿಗೆ, ಅದರಲ್ಲಿ ಪೆನ್ಸಿಲಿನ್. ಪೆನ್ಸಿಲಿನ್ ಒಗ್ಗದವರಿಗೆ ನೀಲಿ. ನೀರುಗುಳ್ಳೆಯಾಗಿ ಒಡೆಯುವ ಹರ್ಪಿಸ್‌ಗೆ ಕೆಂಪು. ತೊಡೆಸಂದಿನಲ್ಲಿ ಗಡ್ಡೆ ಕಟ್ಟಿದವರಿಗೆ ಕಪ್ಪು. ಲ್ಯಾಬ್ ವರದಿಗೆಂದು ಎರಡನೇ ಸಲ ಬರಬೇಕಾಗದ ಹಾಗೆ, ಲಕ್ಷಣ ನೋಡಿ ಅದೇ ದಿನ ಮದ್ದು ಕೊಟ್ಟು ಕಳಿಸುವ ಕ್ರಮ ಇದು. ಇನ್ನೊಮ್ಮೆ ಬರಲಾಗದವನನ್ನು ಮನಸ್ಸಿನಲ್ಲಿಟ್ಟುಕೊಂಡೇ ಯಾರೋ ಇದನ್ನು ರೂಪಿಸಿದ್ದಾರೆ. ನಮ್ಮ ಸರ್ಕಾರಿ ವ್ಯವಸ್ಥೆಯಲ್ಲಿ ಇಷ್ಟು ತಿಳಿವಳಿಕೆಯಿಂದ ಮಾಡಿದ ಕೆಲಸ ಕಂಡಾಗ ಮನಸ್ಸು ತುಂಬಿ ಬರುತ್ತದೆ.

ಆದರೆ ಆ ಪೆಟ್ಟಿಗೆಯ ತನಕ ಅವನು ಬರಬೇಕಲ್ಲ. ಆಸ್ಪತ್ರೆಯ ಒಪಿಡಿ ಹಗಲಿನದು, ಕುಯ್ಲೂ ಹಗಲಿನದು. ತೋಟಕ್ಕೆ ಭಾನುವಾರ ರಜೆ, ಒಪಿಡಿಗೂ ಅಂದೇ ರಜೆ. ಕಳಸದ ಆಚೆಯ ತೋಟದಿಂದ ಜಿಲ್ಲಾ ಆಸ್ಪತ್ರೆಗೆ 90 ಕಿಲೋಮೀಟರ್ ಆಸುಪಾಸು, ಘಾಟಿಯ ತಿರುವು ಬೇರೆ. ಬೆಳಿಗ್ಗೆ ಬಸ್ಸು ಹಿಡಿದರೆ ಆ ದಿನದ ಕೂಲಿಗೆ ಎಳ್ಳುನೀರು. ಬರುವ ಮುಂಚೆ ಮೇಸ್ತ್ರಿಗೆ ಹೇಳಬೇಕು. ಮೇಸ್ತ್ರಿ ಅದೇ ಊರಿನವನು, ಅವನ ಬಾಯಿಂದ ಸುದ್ದಿ ಊರು ತಲುಪಲು ಒಂದು ಫೋನು ಸಾಕು. ಬಂದರೆ ಚೀಟಿ ಮಾಡಿಸುವಲ್ಲಿ ಎಲ್ಲರೆದುರು ‘ಏನು ತೊಂದರೆ?’ ಎಂಬ ಪ್ರಶ್ನೆ. ಕನ್ನಡ ಬಾರದು. ತನ್ನ ಮರ್ಮಾಂಗದ ಹುಣ್ಣಿನ ಬಗ್ಗೆ ಸನ್ನೆಯಲ್ಲಿ ಹೇಳು ಅಂದರೆ ಯಾವ ಗಂಡಸು ಹೇಳಿಯಾನು? ಇದಕ್ಕೆಲ್ಲ ಮೇಲೆ ಆಧಾರ್ ಕೇಳುತ್ತಾರೇನೋ, ಪೊಲೀಸರಿಗೆ ಹೇಳುತ್ತಾರೇನೋ ಎಂಬ ಅಂಜಿಕೆ. ವಲಸೆ ಕಾರ್ಮಿಕರ ದಾಖಲೆ ಪರಿಶೀಲನೆಯ ಗುಲ್ಲೆದ್ದಾಗಲೆಲ್ಲ, ದಾಖಲೆ ಸರಿಯಿದ್ದವರೂ ಪೇಟೆಗೆ ಬರಲು ಹೆದರುತ್ತಾರೆ. ರೋಗಕ್ಕೆ ಇದಕ್ಕಿಂತ ಅನುಕೂಲದ ದಿನಗಳಿಲ್ಲ.

ಕಾಂಡೋಮಿನ ಕಥೆಯೂ ಇದೇ. ಹಿಂದೂಸ್ತಾನ್ ಲ್ಯಾಟೆಕ್ಸ್ ತಿರುವನಂತಪುರದಲ್ಲಿ ನಿರೋಧ್ ತಯಾರಿಸಲು ಶುರುಮಾಡಿ ಅರ್ಧ ಶತಮಾನ ದಾಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಗಂಡಸರಲ್ಲಿ ನೂರಕ್ಕೆ 82 ಮಂದಿಗೆ ಕಾಂಡೋಮ್ ಬಳಸಿದರೆ ಎಚ್‌ಐವಿ ಅಪಾಯ ತಗ್ಗುತ್ತದೆಂದು ಗೊತ್ತು. ಅದೇ ಸಮೀಕ್ಷೆಯಲ್ಲಿ ಎಚ್‌ಐವಿ ಬಗ್ಗೆ ಸಮಗ್ರವಾಗಿ ಸರಿಯಾದ ತಿಳಿವಳಿಕೆಯಿದ್ದ ಗಂಡಸರು ನೂರಕ್ಕೆ 31 ಮಾತ್ರ. ಅಂದರೆ ಅದು ಕೆಲಸ ಮಾಡುತ್ತದೆಂದು ಗೊತ್ತು. ಸೊಳ್ಳೆ ಕಚ್ಚಿದರೆ ಬರುವುದಿಲ್ಲ, ಆರೋಗ್ಯವಂತನಂತೆ ಕಾಣುವವನಲ್ಲೂ ಇರಬಹುದು ಎಂಬುದೂ ಸೇರಿ ಎಲ್ಲವೂ ಸರಿಯಾಗಿ ಗೊತ್ತಿರುವವರು ಕಡಿಮೆ. ಗೊತ್ತಿದ್ದವನಿಗೂ ಬೇಕಾದ ರಾತ್ರಿ ಬೇಕಾದಲ್ಲಿ ಅದು ಕೈಗೆ ಸಿಗುವುದಿಲ್ಲ. ಹಳ್ಳಿಯಲ್ಲಿ ಆಶಾ ಕಾರ್ಯಕರ್ತೆಯ ಬಳಿ ಇರುತ್ತದೆ, ಆದರೆ ಆಕೆಯಲ್ಲಿ ಕೇಳುವ ಧೈರ್ಯ ಪರವೂರಿನ ಹುಡುಗನಿಗೆ ಬರಲಾರದು. ಹಾಗೆ ಕೇಳಲಿ ಎಂದು ನಿರೀಕ್ಷಿಸುವುದು ಆಕೆಗೂ ಕಷ್ಟ.

ಇನ್ನೂ ಕಡಿಮೆ ಮಾತಿನ ಸಂಗತಿಯೊಂದಿದೆ. ಲೈಂಗಿಕ ಸಂಬಂಧ ಎಂದಕೂಡಲೆ ಎಲ್ಲರೂ ಗಂಡು–ಹೆಣ್ಣಿನ ಲೆಕ್ಕ ಹಾಕುತ್ತಾರೆ. ಗಂಡಸರ ನಡುವಿನ ಸಂಬಂಧಗಳೂ ಇವೆ. ಕೆಲವರಿಗೆ ಅದು ಸಹಜ ಒಲವು, ಇನ್ನು ಕೆಲವರ ಬದುಕಿನಲ್ಲಿ ಒಂಟಿತನ ತಂದದ್ದು. ಅಲ್ಲಿ ಬಸಿರಿನ ಭಯವಿಲ್ಲವಾದ್ದರಿಂದ ಕಾಂಡೋಮಿನ ಯೋಚನೆಯೇ ಬರುವುದಿಲ್ಲ. ಆದರೆ ಗುದಸಂಭೋಗದಲ್ಲಿ ಎಚ್‌ಐವಿ ತಗಲುವ ಅಪಾಯ ಉಳಿದೆಲ್ಲ ಬಗೆಯ ಸಂಭೋಗಕ್ಕಿಂತ ಹೆಚ್ಚು. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಇಂಥ ಸಂಬಂಧ ಅಪರಾಧವಲ್ಲ ಎಂದಿತು. ಆ ಮಾತು ಇನ್ನೂ ಲೈನ್ ಮನೆಗೆ ತಲುಪಿಲ್ಲ. ಆಸ್ಪತ್ರೆಯ ಕೌಂಟರಿಗೂ ಪೂರ್ತಿ ತಲುಪಿದೆಯೆಂದು ನನಗನ್ನಿಸುವುದಿಲ್ಲ.

ಮಲೆನಾಡಿನ ಓದುಗರು ಇಷ್ಟು ಹೊತ್ತು ಇದು ಬೇರೆಯವರ ಕಥೆ ಎಂದು ಓದುತ್ತಿದ್ದರೆ, ಒಂದು ಸಲ ಮನೆಯೊಳಗೂ ನೋಡಬೇಕು. ಅಸ್ಸಾಮಿನಿಂದ ಆಳು ಬರಬೇಕಾದದ್ದು ನಮ್ಮ ಹುಡುಗರು ತೋಟ ಬಿಟ್ಟು ಹೋದದ್ದರಿಂದಲೂ ಹೌದು. ಕಳಸ, ಬಣಕಲ್, ಗೋಣಿಬೀಡು, ಜಾವಳಿ ಎಲ್ಲ ಕಡೆಯಿಂದಲೂ ಹುಡುಗರು ಬೆಂಗಳೂರಿನ ಬೇಕರಿಗೆ, ಹೋಟೆಲಿಗೆ, ಡ್ರೈವರ್ ಕೆಲಸಕ್ಕೆ, ಡೆಲಿವರಿಗೆ, ಸೆಕ್ಯೂರಿಟಿಗೆ ಹೋಗಿದ್ದಾರೆ. ಅಲ್ಲಿ ಅವರು ಇರುವುದೂ ಒಂದು ಕೋಣೆಗೆ ಐದಾರು ಮಂದಿ. ಅಲ್ಲಿ ಅವರೇ ಹೊರಗಿನವರು. ಪಾಳಿ ಮುಗಿಯುವುದು ರಾತ್ರಿ ಹನ್ನೊಂದಕ್ಕೆ, ಹಗಲು ಆಸ್ಪತ್ರೆಗೆ ಹೋಗಲು ಮ್ಯಾನೇಜರ್ ಬಿಡಬೇಕು. ಮೊಬೈಲಿನಲ್ಲಿ ಪರಿಚಯವಾದವರು, ಗೆಳೆಯರು ಕರೆದೊಯ್ದ ಲಾಡ್ಜು, ಮೊದಲ ಸಂಬಳದ ಹುಮ್ಮಸ್ಸು ಅವರಿಗೂ ಉಂಟು. ದೀಪಾವಳಿಗೆ, ಜಾತ್ರೆಗೆ ಊರಿಗೆ ಬಂದಾಗ ಅಮ್ಮ ಸೊರಗಿದ್ದೀಯ ಮಗ ಎಂದು ಕಡುಬು, ಕೋಳಿಸಾರು ಮಾಡಿ ಹಾಕುತ್ತಾಳೆ. ಅಪ್ಪ ಸಂಬಳದ ಮಾತಾಡುತ್ತಾನೆ. ಮದುವೆಗೆ ಜಾತಕ ಕೂಡಿಸುತ್ತಾರೆ. ರಕ್ತ ಪರೀಕ್ಷೆ ಮಾಡಿಸಿದ್ದೀಯಾ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಆ ಪ್ರಶ್ನೆಯೇ ಮಗನ ಮೇಲಿನ ಅನುಮಾನ ಎಂಬ ಭಾವನೆ. ಅಸ್ಸಾಮಿನ ಅಮ್ಮನೂ ಹೀಗೆಯೇ ಕೇಳದೆ ಸುಮ್ಮನಿರುತ್ತಾಳೆ.

ಹಾಗೆಂದು ಕುಯ್ಲಿಗೆ ಬಂದವರನ್ನೆಲ್ಲ ಸಾಲಾಗಿ ನಿಲ್ಲಿಸಿ ರಕ್ತ ತೆಗೆಸಿಬಿಡೋಣ ಎನ್ನುವವರೂ ಇದ್ದಾರೆ. ಅದು ಆಗಕೂಡದು. 2017ರ ಎಚ್‌ಐವಿ–ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ತಿಳಿಸಿ ಹೇಳಿ ಒಪ್ಪಿಗೆ ಪಡೆಯದೆ ಯಾರ ಎಚ್‌ಐವಿ ಪರೀಕ್ಷೆಯನ್ನೂ ಮಾಡುವಂತಿಲ್ಲ. ಪರೀಕ್ಷೆ ಮಾಡಿಸಿದರಷ್ಟೇ ಕೆಲಸ ಎನ್ನುವಂತಿಲ್ಲ, ಸೋಂಕಿದೆಯೆಂದು ಕೆಲಸದಿಂದ ತೆಗೆಯುವಂತಿಲ್ಲ. ನೂರು ಅಥವಾ ಅದಕ್ಕೂ ಹೆಚ್ಚು ಮಂದಿ ಕೆಲಸ ಮಾಡುವ ಸಂಸ್ಥೆಯಲ್ಲಿ ದೂರು ಕೇಳುವ ಅಧಿಕಾರಿಯೊಬ್ಬರು ಇರಬೇಕು. ದೊಡ್ಡ ಎಸ್ಟೇಟುಗಳಿಗೂ ಇದು ಅನ್ವಯ. ಕಾನೂನು ಬದಿಗಿಟ್ಟರೂ, ಒತ್ತಾಯದ ಪರೀಕ್ಷೆ ಎಂದು ಗೊತ್ತಾದರೆ ಸೋಂಕಿನ ಅನುಮಾನ ಇರುವವನೇ ಮೊದಲು ರಾತ್ರೋರಾತ್ರಿ ತೋಟ ಬಿಟ್ಟು ಹೋಗುತ್ತಾನೆ. ಯಾರಿಗೆ ಮದ್ದು ಬೇಕಿತ್ತೋ ಅವನೇ ಕೈತಪ್ಪುತ್ತಾನೆ.

ತೋಟದ ಮಾಲೀಕರು ಏನು ಮಾಡಬಹುದು ಎಂಬ ಪ್ರಶ್ನೆಗೆ ಉತ್ತರ ಅಷ್ಟು ದುಬಾರಿಯದಲ್ಲ. 1951ರ ತೋಟ ಕಾರ್ಮಿಕರ ಕಾಯ್ದೆ 5 ಹೆಕ್ಟೇರಿಗೆ ಕಡಿಮೆಯಿಲ್ಲದ, 15 ಆಳುಗಳಿಗೆ ಕಡಿಮೆಯಿಲ್ಲದ ತೋಟಗಳಲ್ಲಿ ವಸತಿ, ವೈದ್ಯಕೀಯ ಸೌಲಭ್ಯ ಕೊಡಬೇಕೆಂದಿತು. 2020ರ ಕಾರ್ಮಿಕ ಸಂಹಿತೆ ಅದನ್ನು ತನ್ನೊಳಗೆ ಸೇರಿಸಿಕೊಂಡಿದೆ. ಆದರೆ ದೇಶದ ಕಾಫಿ ಬೆಳೆಗಾರರಲ್ಲಿ ನೂರಕ್ಕೆ 98ಕ್ಕೂ ಹೆಚ್ಚು ಮಂದಿ ಹತ್ತು ಹೆಕ್ಟೇರಿನೊಳಗಿನ ಸಣ್ಣ ಹಿಡುವಳಿದಾರರು. ಎಂಟು–ಹತ್ತು ಎಕರೆಯವರಿಗೆ ಡಿಸ್ಪೆನ್ಸರಿ ಇಡು ಅಂದರೆ ಆಗದ ಮಾತು. ಅವರು ಮಾಡಬಹುದಾದದ್ದು ಬೇರೆ. ಆಳು ‘ಹುಷಾರಿಲ್ಲ, ಆಸ್ಪತ್ರೆಗೆ ಹೋಗಿಬರುತ್ತೇನೆ’ ಅಂದಾಗ ಏನಾಗಿದೆ ಎಂದು ಕೆದಕದೆ ಅರ್ಧ ದಿನ ಬಿಡುವುದು. ಲೈನಿನ ಬಚ್ಚಲಮನೆಯ ಗೋಡೆಯ ಮೇಲೆ ಹಿಂದಿ, ಬಂಗಾಳಿ, ಅಸ್ಸಾಮಿಯಲ್ಲಿ 1097 ಎಂಬ ಸಂಖ್ಯೆಯನ್ನು ದೊಡ್ಡದಾಗಿ ಬರೆಸುವುದು. ಅದು ನ್ಯಾಕೊ ನಡೆಸುವ ಉಚಿತ ಸಹಾಯವಾಣಿ. ಅದೇ ಬಚ್ಚಲಿನ ಮೂಲೆಯಲ್ಲಿ, ಯಾರ ಕಣ್ಣಿಗೂ ಬೀಳದೆ ಕೈಹಾಕಿ ತೆಗೆದುಕೊಳ್ಳುವ ಹಾಗೆ ಒಂದು ಡಬ್ಬಿ ಕಾಂಡೋಮ್ ಇಡಿಸುವುದು. ಸಾಹುಕಾರರಿಗೆ ಇದನ್ನು ಮಾಡಲು ಮುಜುಗರವಾದರೆ ಕರ್ನಾಟಕ ಬೆಳೆಗಾರರ ಒಕ್ಕೂಟ, ಕರ್ನಾಟಕ ಪ್ಲಾಂಟರ್ಸ್ ಅಸೋಸಿಯೇಷನ್‌ನಂಥ ಸಂಘಟನೆಗಳು ಆರೋಗ್ಯ ಇಲಾಖೆಯ ಜೊತೆ ಕೂತು ಎಲ್ಲರ ಪರವಾಗಿ ಮಾಡಬಹುದು. ಕಾಳುಮೆಣಸಿನ ಸೊರಗು ರೋಗಕ್ಕೆ ಕಾರ್ಯಾಗಾರ ನಡೆಸುವ ಸಂಘಟನೆಗಳಿಗೆ ಮೆಣಸು ಕುಯ್ಯುವವನ ರೋಗಕ್ಕೆ ಒಂದು ಸಂಜೆ ಕೊಡುವುದು ಭಾರವಾಗಲಾರದು.

ಇಲಾಖೆಯ ಮುಂದೆ ಇಡಬೇಕಾದ ಬೇಡಿಕೆ ಒಂದೇ. ನವೆಂಬರಿನಿಂದ ಮಾರ್ಚಿನವರೆಗೆ, ಮೂಡಿಗೆರೆ ಮತ್ತು ಕಳಸದಲ್ಲಿ, ಭಾನುವಾರ ಮಧ್ಯಾಹ್ನ ಸುರಕ್ಷಾ ಕ್ಲಿನಿಕ್ ಮತ್ತು ಐಸಿಟಿಸಿ ತೆರೆದಿರಲಿ. ಬಾಗಿಲಿನ ಮೇಲೆ ರೋಗದ ಹೆಸರು ಬೇಡ, ಬಿಪಿ, ಶುಗರ್, ಚರ್ಮದ ತುರಿಕೆ, ಬೆನ್ನುನೋವು ಎಲ್ಲಕ್ಕೂ ಅಲ್ಲೇ ನೋಡಲಿ. ಆಗ ಒಳಗೆ ಹೋದವನು ಯಾತಕ್ಕೆ ಹೋದನೆಂದು ಹೊರಗಿನವರಿಗೆ ತಿಳಿಯುವುದಿಲ್ಲ. ಹಿಂದಿ, ಬಂಗಾಳಿ ಬಲ್ಲ ಒಬ್ಬ ಗಂಡಸು ಸಮಾಲೋಚಕನಿರಲಿ. ಒಬ್ಬನಿಗೆ ಅಪಾಯದ ಸಂಪರ್ಕವಾಗಿದ್ದರೆ 72 ಗಂಟೆಯೊಳಗೆ ಶುರುಮಾಡಿ 28 ದಿನ ತೆಗೆದುಕೊಂಡರೆ ಎಚ್‌ಐವಿ ತಡೆಯಬಲ್ಲ ಮಾತ್ರೆಗಳಿವೆ. ಶನಿವಾರ ರಾತ್ರಿ ಏನಾದರೂ ಆದವನಿಗೆ ಭಾನುವಾರದ ಕ್ಲಿನಿಕ್ ಸಿಕ್ಕರೆ ಆ ಗಡುವಿನೊಳಗೇ ಮಾತ್ರೆ ಶುರುವಾಗುತ್ತದೆ.

ಫೆಬ್ರವರಿಯ ಕೊನೆಯಲ್ಲಿ ಎಚ್‌ಐವಿ ಸೋಂಕು ತಗಲಿದವನ ರಕ್ತದಲ್ಲಿ ಅದು ಖಚಿತವಾಗಿ ಕಾಣಲು ಮೂರು ತಿಂಗಳವರೆಗೂ ಬೇಕಾಗಬಹುದು. ಅಷ್ಟರಲ್ಲಿ ಅವನು ತನ್ನ ಊರಿನಲ್ಲಿರುತ್ತಾನೆ, ಅಥವಾ ಕೇರಳದ ಕಟ್ಟಡದ ಕೆಲಸದಲ್ಲಿ. ಹಾಗಾಗಿ ಇಲ್ಲಿಂದ ಹೊರಡುವಾಗ ಅವನ ಕೈಯಲ್ಲಿ ಅವನ ಭಾಷೆಯಲ್ಲೇ ಬರೆದ ಚೀಟಿಯೊಂದಿರಬೇಕು: ಯಾವ ಪರೀಕ್ಷೆ ಆಯಿತು, ಯಾವ ಮದ್ದು ಕೊಟ್ಟರು, ಮತ್ತೆ ಯಾವ ತಿಂಗಳು ಪರೀಕ್ಷೆ ಮಾಡಿಸಬೇಕು, ಹತ್ತಿರದ ಐಸಿಟಿಸಿ ಯಾವುದು, ಹೆಂಡತಿಗೂ ಮದ್ದು ಏಕೆ ಬೇಕು. ಸೋಂಕಿದ್ದವನ ಎಆರ್‌ಟಿಯನ್ನು ಚಿಕ್ಕಮಗಳೂರಿನಿಂದ ಅವನ ಜಿಲ್ಲೆಯ ಕೇಂದ್ರಕ್ಕೆ ವರ್ಗಾಯಿಸುವ ಏರ್ಪಾಡು ಈಗಲೂ ಇದೆ. ತಪ್ಪದೆ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಕಾಣದಷ್ಟು ತಗ್ಗಿದರೆ ಅವನಿಂದ ಸಂಗಾತಿಗೆ ಸೋಂಕು ದಾಟುವುದಿಲ್ಲ ಎಂಬುದು ಈಗ ಜಗತ್ತು ಒಪ್ಪಿದ ವೈದ್ಯಕೀಯ ಸತ್ಯ. ಈ ಒಂದು ವಾಕ್ಯವನ್ನು ಅವನಿಗೆ ಅರ್ಥವಾಗುವ ಮಾತಿನಲ್ಲಿ ಯಾರಾದರೂ ಹೇಳಿದರೆ, ಅವನು ಹೆದರಿ ಮಾತ್ರೆ ಎಸೆಯುವ ಬದಲು ಊರಿಗೆ ಒಯ್ಯುತ್ತಾನೆ.

ಈ ಸಲದ ಕುಯ್ಲಿಗೆ ಮೇಸ್ತ್ರಿಗಳು ಆಗಲೇ ಅಡ್ವಾನ್ಸ್ ಕೊಟ್ಟು ಆಳು ಗೊತ್ತುಮಾಡುತ್ತಿರುತ್ತಾರೆ. ಭಾನುವಾರದ ಕ್ಲಿನಿಕ್ಕಿಗೆ ಜಿಲ್ಲಾ ಆರೋಗ್ಯಾಧಿಕಾರಿಯವರ ಆದೇಶ ಆಗಬೇಕಾದದ್ದು ಮೊದಲ ಬಟವಾಡೆಯ ಮುಂಚೆ.